ಕಪ್ಪತಗುಡ್ಡದ ಬಿದ್ದ ಮರ: ನಮ್ಮ ಮನೆ ಗುಂಪಿನ ಮಾತು

ಶಿರಹಟ್ಟಿ ಮಾಮಾ: (ಫಾರ್ವರ್ಡ್ ಆದ ಫೋಟೊ: ಗದಗ ಜಿಲ್ಲೆಯ ಕಪ್ಪತಗುಡ್ಡದ ಕಾಡಿನಲ್ಲಿ ಬಿದ್ದ ಮರಗಳು) "ಕಪ್ಪತಗುಡ್ಡದಲ್ಲಿ ಕೊಳೆಯುತ್ತಿರುವ ಸಂಪತ್ತು! ಹರಾಜು ಹಾಕಿ, ಊರಿಗೆ ರಸ್ತೆ ಮಾಡಿ. ಎಲ್ಲರಿಗೂ ಕಳಿಸಿ."

ಮುಂಡರಗಿ ಕಾಕಾ: ಖರೆ ಮಾತು. ಇಷ್ಟು ಕಟ್ಟಿಗೆ ಸುಮ್ನೆ ಗೆದ್ದಲಿನ ಪಾಲಾಗುತ್ತಿದೆ.

ನಾನು: ಗೆದ್ದಲಿನ ಪಾಲಾಗಲಿ ಕಾಕಾ. ನಮ್ಮದು ಮಲೆನಾಡಲ್ಲ, ಒಣ ಗುಡ್ಡ. ಕಟ್ಟಿಗೆ ಕೊಳೆಸುವ ಅಣಬೆಗೆ ಬೇಕಾದ ತೇವ ಹೆಚ್ಚಾಗಿ ಮಳೆಗಾಲದಲ್ಲೇ. ಉಳಿದ ತಿಂಗಳು ಕಟ್ಟಿಗೆಯನ್ನು ಮಣ್ಣಿಗೆ ಸೇರಿಸುವ ಕೆಲಸದಲ್ಲಿ ಗೆದ್ದಲೇ ಮುಂದು.

ಹುಬ್ಬಳ್ಳಿ ಅಕ್ಕ: ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳುತ್ತದೆ ಅಲ್ವಾ? ಒಣ ಮರ ಇದ್ದರೆ ಇನ್ನೂ ಜಾಸ್ತಿ.

ನಾನು: ಬೆಂಕಿ ಓಡುವುದು ಒಣ ಹುಲ್ಲಿನ ಮೇಲೆ ಅಕ್ಕ. ದಪ್ಪ ದಿಮ್ಮಿ ಬೇಗ ಹೊತ್ತುವುದಿಲ್ಲ. ಹೊತ್ತಿದರೆ ಮಾತ್ರ ಬಹಳ ಹೊತ್ತು ಒಳಗೊಳಗೇ ಉರಿಯುತ್ತದೆ, ಅದನ್ನು ಒಪ್ಪುತ್ತೇನೆ. ಆಗ ಸಾರಜನಕ ಹೊಗೆಗೆ ಹೋಯಿತು, ಬೂದಿ ಗಾಳಿಗೆ ಹೋಯಿತು. ಬೆಂಕಿ ತಡೆಯಬೇಕು, ಮರ ಹೊತ್ತೊಯ್ಯಬಾರದು.

ಮುಂಡರಗಿ ಕಾಕಾ: ಹೋದ ವರ್ಷ ಎರಡು ಟ್ರಾಲಿ ಮರದ ಹೊಟ್ಟು ತಂದು ಮೆಣಸಿನಕಾಯಿ ಹೊಲಕ್ಕೆ ಹಾಕಿದೆ. ಗೊಬ್ಬರ ಆಗುತ್ತದೆ ಅಂದುಕೊಂಡಿದ್ದೆ. ಗಿಡವೆಲ್ಲ ಹಳದಿ ತಿರುಗಿತು. ಕಟ್ಟಿಗೆಯಲ್ಲಿ ಸತ್ವ ಎಲ್ಲಿದೆ ಹೇಳು?

ನಾನು: ಕಾಕಾ, ನೀವು ಕಂಡದ್ದು ಪೂರ್ತಿ ನಿಜ. ಕಟ್ಟಿಗೆಯಲ್ಲಿ ಸಾರಜನಕ ಬಹಳ ಕಡಿಮೆ, ಇಂಗಾಲ ಅದರ ನೂರಾರು ಪಟ್ಟು. ಮರದ ಸತ್ವ ಎಲೆ, ತೊಗಟೆ, ಸಣ್ಣ ರೆಂಬೆಯಲ್ಲೇ ಜಾಸ್ತಿ. ಕಟ್ಟಿಗೆ ತಿನ್ನುವ ಅಣಬೆಗೂ ಸೂಕ್ಷ್ಮಜೀವಿಗೂ ಸಾರಜನಕ ಬೇಕು. ಅದನ್ನು ಸುತ್ತಲಿನ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ನಿಮ್ಮ ಮೆಣಸಿನ ಗಿಡದ ಪಾಲು ಹೋದದ್ದು ಹಾಗೆ.

ಗುಡ್ಡದಲ್ಲೂ ಇದೇ ನಡೆಯುತ್ತದೆ. ಆದರೆ ಅಲ್ಲಿ ಯಾರೂ ಒಂದೇ ಹಂಗಾಮಿನಲ್ಲಿ ಫಸಲು ತೆಗೆಯಬೇಕಿಲ್ಲ. ಜೋರು ಮಳೆಗೆ ಇಳಿಜಾರಿನಲ್ಲಿ ಕೊಚ್ಚಿ ಹೋಗುವ ಸತ್ವದಲ್ಲಿ ಒಂದಿಷ್ಟನ್ನು ಅಣಬೆ ಎಳೆಗಳು ದಿಮ್ಮಿಯೊಳಗೆ ಹಿಡಿದಿಡುತ್ತವೆ. ಕಟ್ಟಿಗೆ ಕರಗಿದಂತೆ, ಎಳೆ ಸತ್ತಂತೆ, ವರ್ಷ ವರ್ಷ ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತವೆ. ಅಷ್ಟು ತೆಳು ಮಣ್ಣಿನ ಗುಡ್ಡಕ್ಕೆ ಇದು ದೊಡ್ಡದು.

ಏಪ್ರಿಲ್‌ನಲ್ಲಿ ಆ ಕಡೆ ಹೋದಾಗ ದಾರಿ ಪಕ್ಕ ಒಂದು ಹಳೆಯ ದಿಮ್ಮಿಯನ್ನು ಸ್ವಲ್ಪ ಉರುಳಿಸಿ ನೋಡಿದೆ. ಸುತ್ತಲಿನ ನೆಲ ಕಾದ ಹಂಚು. ದಿಮ್ಮಿ ಕೆಳಗಿನ ಮಣ್ಣು ಕಪ್ಪಗೆ, ತಣ್ಣಗೆ, ಬೆರಳಿಗೆ ಅಂಟುವಷ್ಟು ತೇವ. ಕಟ್ಟಿಗೆ ಬೆಳ್ಳಗೆ ನಾರು ನಾರಾಗಿತ್ತು, ಕೈಯಲ್ಲೇ ಸೀಳಿತು. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನು ಅಣಬೆ ತಿಂದಿತ್ತು. ಯಾವುದೋ ಸಸಿಯ ಎಳೆ ಬೇರು ಆ ನಾರಿನೊಳಗೆ ಹೊಕ್ಕಿತ್ತು. ಮೊದಲಿದ್ದ ಹಾಗೇ ಮುಚ್ಚಿ ಬಂದೆ.

ಗದಗ ಅತ್ತಿ: ತಲೆ ಹೊರೆ ತರುವ ಹೆಣ್ಮಕ್ಕಳಿಗೂ ಬೇಡ ಅಂತೀಯಾ?

ನಾನು: ನನ್ನ ಜಗಳ ಅವರ ಜೊತೆ ಅಲ್ಲ ಅತ್ತಿ. ಅವರ ಒಲೆಗೆ ಊರಿನಲ್ಲೇ ದಾರಿ ಆಗಬೇಕು. ಈ ಹರಾಜಿನ ಮಾತು ಬೇಡ ಅಂತೀನಿ. 2019ರಲ್ಲಿ ಗುಡ್ಡದ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಆಯಿತು. ಧಾಮದಿಂದ ಹೀಗೆ ಮರ ಹೊತ್ತು ಮಾರಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ.

ಶಿರಹಟ್ಟಿ ಮಾಮಾ: ನಮಗೆ ರಸ್ತೆ ಬೇಕೇ ಬೇಕು.

ನಾನು: ಕೇಳೋಣ ಮಾಮಾ. ಅರ್ಜಿ ಬರೆಯಿರಿ, ನಾನೂ ಸಹಿ ಹಾಕುತ್ತೇನೆ. ಆ ಮರದ ದುಡ್ಡಿನಲ್ಲಿ ಬೇಡ.

ಮುಂಡರಗಿ ಕಾಕಾ: ಅರ್ಧ ಟ್ರಾಲಿ ಹೊಟ್ಟು ಇನ್ನೂ ಬಿದ್ದಿದೆ. ಏನು ಮಾಡಲಿ?

ನಾನು: ಸಗಣಿ, ಗಂಜಲ ಕೂಡಿಸಿ ತಿಪ್ಪೆಗೆ ಹಾಕಿ. ಒಂದು ಮಳೆಗಾಲ ಪೂರ್ತಿ ಬಿಡಿ. ಕಪ್ಪಾಗಿ ಮಣ್ಣಿನ ವಾಸನೆ ಬಂದ ಮೇಲೆ ಹೊಲಕ್ಕೆ.