ಗ್ರೂಪ್ ಕೋಚಿಂಗ್‌ಗೆ ಫೋಟೊ ಬಳಸಿದವರು ಇದ್ದೀರಾ? ಅನುಭವ ಹೇಳಿ

ಹೊಸಪುಟ:
ನನ್ನದು ಪಾಠದ ಕೋಚಿಂಗ್ ಅಲ್ಲ, ಪ್ರಶ್ನೆ ಕೇಳಿ ಅವರವರೇ ದಾರಿ ಕಂಡುಕೊಳ್ಳುವಂತೆ ಮಾಡುವುದು. ಗುಂಪಿನಲ್ಲಿ ಹತ್ತು ಜನ, ಎಲ್ಲರೂ ಒಂದೇ ಆಫೀಸಿನವರು. ನಿಮ್ಮ ಬಗ್ಗೆ ಹೇಳಿ ಅಂದರೆ ಹುದ್ದೆ ಹೇಳಿ ಸುಮ್ಮನಾಗುತ್ತಾರೆ. ಮೇಜಿನ ಮೇಲೆ ಫೋಟೊ ಹರಡಿ, ಒಂದನ್ನು ಆರಿಸಿಕೊಳ್ಳಲು ಹೇಳಿ, ಅದರ ನೆಪದಲ್ಲಿ ಮಾತಾಡಿಸೋಣ ಅಂತಿದ್ದೇನೆ. ರೆಡಿ ಫೋಟೊ ಕಾರ್ಡ್ ಸೆಟ್ ಕೊಳ್ಳಲಾ, ನಾನೇ ಮಾಡಲಾ, ಅವರವರ ಫೋಟೊನೇ ತರಿಸಲಾ? ಅವರ ಮ್ಯಾನೇಜರ್ ಕೂಡ ಕೂತಿರುತ್ತಾರೆ. ಮಾಡಿ ನೋಡಿದವರು ಹೇಳಿ.

ಕತ್ತರಿ ಗೋಂದು:
ನೀವೇ ಮಾಡಿ. ಕೊಳ್ಳುವ ಸೆಟ್‌ಗಳಲ್ಲಿ ಇರುವುದು ಸೂರ್ಯಾಸ್ತ, ಕವಲು ದಾರಿ, ಒಂದರ ಮೇಲೊಂದು ಪೇರಿಸಿದ ಕಲ್ಲು, ಇಷ್ಟೇ. ಕವಲು ದಾರಿ ಎತ್ತಿಕೊಂಡವರು ಏನು ಹೇಳುತ್ತಾರೆ? "ಯಾವ ಕಡೆ ಹೋಗಬೇಕೋ ಗೊತ್ತಾಗ್ತಿಲ್ಲ" ಅಂತಾರೆ. ಉತ್ತರ ಫೋಟೊದಲ್ಲೇ ಇದ್ದ ಮೇಲೆ ಯೋಚಿಸುವುದು ಏನು ಉಳಿಯಿತು? ನನ್ನ ಸೆಟ್‌ನಲ್ಲಿ ಬಾಗಿಲ ಹಿಡಿಗೆ ನೇತುಹಾಕಿದ ಒದ್ದೆ ಕೊಡೆ ಇದೆ, ಅರ್ಧ ಒರೆಸಿದ ಕಪ್ಪು ಹಲಗೆ ಇದೆ. ಲೆಕ್ಕಪತ್ರ ನೋಡುವ ಒಬ್ಬರು, ಅಲ್ಲಿಯವರೆಗೂ ತುಟಿ ಬಿಚ್ಚದವರು, ಆ ಕೊಡೆ ಎತ್ತಿಕೊಂಡು ಹೇಳಿದರು: "ಎಲ್ಲರನ್ನೂ ನೆನೀದಂಗೆ ಒಳಗೆ ತಲುಪಿಸೋದು ನಾನು, ಆಮೇಲೆ ಹೊರಗೆ ನೀರು ತೊಟ್ಟಿಕ್ಕಿಸ್ತಾ ಇರೋದೂ ನಾನೇ."

ಖರ್ಚು ಕೇಳಬೇಡಿ. ಪ್ರಿಂಟ್ ಹಾಕುವವರು ಹಟ ಹಿಡಿದು ಗ್ಲಾಸಿ ಲ್ಯಾಮಿನೇಶನ್ ಮಾಡಿಸಿದರು. ಎದುರು ಕೂತವರಿಗೆ ಚಿತ್ರದ ಬದಲು ಟ್ಯೂಬ್‌ಲೈಟ್ ಕಾಣುತ್ತಿತ್ತು. ಇಡೀ ಸೆಟ್ ಮತ್ತೆ ಪ್ರಿಂಟು, ಮತ್ತೆ ಮ್ಯಾಟ್ ಲ್ಯಾಮಿನೇಶನ್, ಮತ್ತೆ ಕತ್ತರಿ ಕೆಲಸ. 10×15 ಸೆಂಟಿಮೀಟರ್‌ ಕಾರ್ಡಿಗೆ ಸುಮಾರು 1200×1800 ಪಿಕ್ಸೆಲ್ ಇರಲೇಬೇಕು. ವಾಟ್ಸ್ಯಾಪ್‌ನಲ್ಲಿ ಕುಗ್ಗಿ ಬಂದ ಫೋಟೊ ಕೊಟ್ಟರೆ ಮುಖವೆಲ್ಲ ಕಲಸಿದಂತೆ ಬರುತ್ತದೆ. ಆದರೂ ನನ್ನ ಸೆಟ್ ನನ್ನದು.

ಮೂರನೇ ಸಾಲು:
ಆ ಕೊಡೆ ನೀವೇ ತೆಗೆದದ್ದಾ, ನೆಟ್ಟಿನಿಂದ ಇಳಿಸಿದ್ದಾ? ಕೇಳುವುದಕ್ಕೆ ಕಾರಣ ಇದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವರು ಹೀಗೇ ಸಿಕ್ಕಿದ್ದನ್ನೆಲ್ಲ ಇಳಿಸಿ ಸೆಟ್ ಮಾಡಿ, ಒಂದು ಕಂಪನಿಗೆ ತೆಗೆದುಕೊಂಡು ಹೋದಾಗ ಅಲ್ಲಿನವರು ಅನುಮತಿ ಪತ್ರ ಕೇಳಿದರು. ಇರಲಿಲ್ಲ. ಕಾಂಟ್ರಾಕ್ಟೇ ಹೋಯಿತು. ಕ್ರಿಯೇಟಿವ್ ಕಾಮನ್ಸ್ (ತೆಗೆದವರು ಮೊದಲೇ ಕೊಟ್ಟಿಟ್ಟ ಬಳಕೆಯ ಅನುಮತಿ) ಅಂತ ಬರೆದಿದ್ದರೆ ಸಾಕು ಅಂದುಕೊಳ್ಳುತ್ತಾರೆ ಜನ. ಅದರಲ್ಲಿ ಎನ್‌ಸಿ ಅಂತ ಇದ್ದರೆ ವಾಣಿಜ್ಯ ಬಳಕೆಗೆ ಅನುಮತಿ ಇಲ್ಲ. ಬಿವೈ ಅಂತ ಇದ್ದರೆ ತೆಗೆದವರ ಹೆಸರು ಹಾಕಬೇಕು. ಸಿಸಿ ಝೀರೊ, ಅಂದರೆ ತೆಗೆದವರು ತಮ್ಮ ಹಕ್ಕನ್ನೆಲ್ಲ ಬಿಟ್ಟುಕೊಟ್ಟದ್ದು, ಇದ್ದರೂ ಫೋಟೊದಲ್ಲಿರುವ ಮನುಷ್ಯರ ಒಪ್ಪಿಗೆ ಬೇರೆ ಮಾತು.

ಅದಕ್ಕೇ ನಾನು ರೆಡಿ ಸೆಟ್ ಕೊಂಡೆ. ಒಂದು ಇಡೀ ತಂಡದಿಂದ ಬಂದ ಫೀಸು ಅದಕ್ಕೇ ಹೋಯಿತು, ಹೋಗಲಿ. ಸಿಟ್ಟು ಬಂದದ್ದು ಆಮೇಲೆ. ಆನ್‌ಲೈನ್ ಸೆಷನ್‌ಗೆ ಸ್ಕ್ಯಾನ್ ಮಾಡಿ ತೋರಿಸುವ ಹಾಗಿಲ್ಲವಂತೆ, ಡಿಜಿಟಲ್ ಲೈಸೆನ್ಸ್ ಬೇರೆ ಕೊಳ್ಳಬೇಕಂತೆ. ಕೊಂಡೆ! ಇದರ ಜೊತೆ ಕಾರ್ಡು ಕಳೆಯುವ ಗೋಳು. ಮನಸ್ಸಿಗೆ ತಟ್ಟಿದ ಕಾರ್ಡನ್ನು ಜನ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಹಾಗಾಗಿ ಒಳ್ಳೊಳ್ಳೆ ಕಾರ್ಡೇ ಮೊದಲು ಖಾಲಿ.

ಕತ್ತರಿ ಗೋಂದು:
ನಾನೇ ತೆಗೆದದ್ದು ಸ್ವಾಮಿ, ನಮ್ಮನೆ ಬಾಗಿಲು. ಕಳ್ಳತನ ಹೊರಿಸುವ ಮೊದಲು ವಿಚಾರಿಸಿ.

ಎರಡನೇ ಬೆಂಚು:
ಕೊಳ್ಳುವುದೂ ಬೇಡ, ಮಾಡುವುದೂ ಬೇಡ. ಅವರವರ ಫೋನಿನಿಂದಲೇ ಒಂದು ಫೋಟೊ ತೋರಿಸಲು ಹೇಳಿ. ನಾನು ಮಾಡುವುದೇ ಅದು. ಆದರೆ "ನಿಮಗೆ ಇಷ್ಟವಾದ ಫೋಟೊ ತನ್ನಿ" ಅನ್ನಬೇಡಿ, ಮದುವೆ, ಮಗು, ಪ್ರವಾಸ ಮೂರೇ ಬರುತ್ತವೆ. "ಈ ತಿಂಗಳು ನೀವು ತೆಗೆದದ್ದರಲ್ಲಿ ಯಾರಿಗೂ ಕಳಿಸದ ಒಂದು ಫೋಟೊ" ಅನ್ನಿ, ಆಗ ನೋಡಿ. ಒಂದು ಗುಂಪಿನಲ್ಲಿ ಒಬ್ಬರು ಖಾಲಿ ಆಸ್ಪತ್ರೆ ಮಂಚದ ಫೋಟೊ ತೋರಿಸಿ ಅಳಲು ಶುರು ಮಾಡಿದರು. ಪಕ್ಕದವರು ಸಮಾಧಾನ ಮಾಡಲು ಹೋಗಿ ಅವರೂ ಅತ್ತರು. ಕರೆಸಿದ ಸಂಸ್ಥೆಯವರು ಉಳಿದ ಸೆಷನ್‌ಗಳನ್ನೆಲ್ಲ ರದ್ದು ಮಾಡಿದರು, ಹಣವನ್ನೂ ಹಿಡಿದಿಟ್ಟುಕೊಂಡರು. ನನಗೇನೂ ಪಶ್ಚಾತ್ತಾಪ ಇಲ್ಲ. ಅತ್ತವರೇ ಆಮೇಲೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು.

ಒಳಗಣ್ಣು:
ನಾನಂತೂ ಫೋಟೊ ಆರಿಸಿದ್ದು ನೋಡಿಯೇ ಮನುಷ್ಯ ಹೇಗೆ ಅಂತ ಹೇಳುತ್ತೇನೆ. ಕಪ್ಪು ಬಿಳುಪು ಎತ್ತಿದರೆ ಹಳೆಯ ನೋವು, ನೀರಿನ ಚಿತ್ರ ಎತ್ತಿದರೆ ಹೆದರಿಕೆ. ಇಷ್ಟು ವರ್ಷದಲ್ಲಿ ತಪ್ಪಿದ್ದೇ ಇಲ್ಲ.

ಸುಮ್ನೆ ಕೇಳುವವರು:
ಅಯ್ಯೋ, ಜಾತಕ ಬರೆಯುವುದು ಬಿಡಿ. ಚಿತ್ರ ತೋರಿಸಿ ಕತೆ ಹೇಳಿಸಿ ಮನಸ್ಸು ಅಳೆಯುವ ಪರೀಕ್ಷೆಯನ್ನು ಅಮೆರಿಕದ ಮಾರ್ಗನ್ ಮತ್ತು ಮರ್ರೆ ಅನ್ನುವವರು 1935ರಲ್ಲೇ ಪ್ರಕಟಿಸಿದರು. ಅದನ್ನು ಬಳಸುವುದು ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು, ಅವರೂ ಒಂದು ಕಾರ್ಡು ನೋಡಿ ತೀರ್ಪು ಕೊಡುವುದಿಲ್ಲ. ಕೋಚಿಂಗ್‌ನಲ್ಲಿ ಫೋಟೊದ ಅರ್ಥ ಹೇಳುವ ಹಕ್ಕು ಆರಿಸಿದವರಿಗೆ ಮಾತ್ರ. "ನಿಮಗೆ ಇಲ್ಲಿ ಏನು ಕಾಣುತ್ತಿದೆ" ಅಂತ ಕೇಳಿ ಬಾಯಿ ಮುಚ್ಚಿಕೊಳ್ಳಬೇಕು.

ನಾನು ಕಲಿತದ್ದು ಫೋಟೊಲಾಂಗಾಜ್ ಪದ್ಧತಿ, 1965ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಹುಟ್ಟಿದ್ದು. ಪ್ರಶ್ನೆ ಮೊದಲು, ಫೋಟೊ ಆಮೇಲೆ. ಎಲ್ಲರೂ ಮಾತಿಲ್ಲದೆ ಓಡಾಡಿ ಕಣ್ಣಲ್ಲೇ ಆರಿಸುತ್ತಾರೆ, ಯಾರೂ ಮುಟ್ಟುವುದಿಲ್ಲ. ಎಲ್ಲರದೂ ಆದ ಮೇಲೆ ಎತ್ತಿಕೊಳ್ಳುವುದು. ಇಬ್ಬರಿಗೂ ಒಂದೇ ಫೋಟೊ ಬೇಕಾದರೆ ಜಗಳ ಇಲ್ಲ, ಒಬ್ಬರು ಮಾತಾಡಿ ಇನ್ನೊಬ್ಬರಿಗೆ ದಾಟಿಸುತ್ತಾರೆ. ನಡೆಸುವವರೂ ಒಂದು ಆರಿಸಬೇಕು. ಇದನ್ನು ಬಿಟ್ಟು ಅರ್ಧಂಬರ್ಧ ಮಾಡುವವರನ್ನು ನೋಡಿದರೆ ಮೈ ಉರಿಯುತ್ತದೆ.

ಒಳಗಣ್ಣು:
ಇಸವಿ ಹೇಳಿದ ಕೂಡಲೇ ಪಂಡಿತರಾಗುವುದಿಲ್ಲ. ನನ್ನ ಹತ್ತಿರ ಬಂದವರು ಮತ್ತೆ ಬರುತ್ತಾರೆ, ಅಷ್ಟು ಸಾಕು.

ಎರಡನೇ ಬೆಂಚು:
ಕೋಚ್ ಯಾಕೆ ಕಾರ್ಡ್ ಆರಿಸಬೇಕು? ಜನ ದುಡ್ಡು ಕೊಡುವುದು ನಮ್ಮ ಕತೆ ಕೇಳುವುದಕ್ಕಾ?

ಸುಮ್ನೆ ಕೇಳುವವರು:
ನೀವು ಜನರನ್ನು ಅಳಿಸಿ ಮನೆಗೆ ಕಳಿಸಿದಿರಲ್ಲ, ಆ ಬಗ್ಗೆ ಮೊದಲು ಮಾತಾಡೋಣ. ಆಸ್ಪತ್ರೆ ಮಂಚ ಬಂದಾಗ ತಡೆದು ನಿಲ್ಲಿಸುವ ದಾರಿ ನಿಮ್ಮ ಹತ್ತಿರ ಇತ್ತಾ? "ಮಾತಾಡಲು ಇಷ್ಟವಿಲ್ಲದಿದ್ದರೆ ಪಾಸ್ ಅನ್ನಬಹುದು, ಕಾರಣ ಕೇಳುವುದಿಲ್ಲ" ಅಂತ ಮೊದಲೇ ಹೇಳಿದ್ದಿರಾ? ಸ್ವಂತ ಫೋಟೊದ ಹಿಂದೆ ಮನೆಯೇ ಇರುತ್ತದೆ, ಬೇರೆಯವರ ಫೋಟೊ ಆದರೆ ಎಷ್ಟು ಹೇಳಬೇಕು ಅನ್ನುವುದು ಅವರ ಕೈಯಲ್ಲಿರುತ್ತದೆ. ಕೋಚಿಂಗೇ ಬೇರೆ, ಥೆರಪಿಯೇ ಬೇರೆ. ಅದರಲ್ಲೂ ಮ್ಯಾನೇಜರ್ ಕೂತಿರುವ ಕೋಣೆಯಲ್ಲಿ ಯಾರು ಮನಸ್ಸು ಬಿಚ್ಚುತ್ತಾರೆ? ಅವರನ್ನು ಹೊರಗೆ ಕಳಿಸಿ, ಆಗಲ್ಲ ಅಂದರೆ ಪ್ರಶ್ನೆಯನ್ನು ಕೆಲಸದ ಮಟ್ಟಕ್ಕೆ ಇಳಿಸಿ.

ಎರಡನೇ ಬೆಂಚು:
ಪಾಸ್ ಕೊಟ್ಟರೆ ಎಲ್ಲರೂ ಪಾಸ್ ಅಂತಾರೆ. ಗುಂಪು ನಡೆಸಿ ಗೊತ್ತಿದ್ದರೆ ಮಾತಾಡಿ.

ಸುಮ್ನೆ ಕೇಳುವವರು:
ಹಾಗೆ ಎಲ್ಲರೂ ಪಾಸ್ ಅಂದರೆ ಪ್ರಶ್ನೆ ಸರಿಯಿಲ್ಲ ಅಂತ, ಜನ ಸರಿಯಿಲ್ಲ ಅಂತಲ್ಲ.

ಮೂರನೇ ಸಾಲು:
ಇವರಿಬ್ಬರೂ ಮುಗಿಸುವುದಿಲ್ಲ. ಕತ್ತರಿ ಗೋಂದು ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಕಳೆದ ಕಾರ್ಡುಗಳ ಜಾಗಕ್ಕೆ ನಾನೂ ಸ್ವಲ್ಪ ಮಾಡಿಸಬೇಕು. ನನ್ನ ಲ್ಯಾಮಿನೇಶನ್ ಅಂಚಿನಲ್ಲಿ ಬಿಚ್ಚಿಕೊಳ್ಳುತ್ತಿದೆ, ಏನು ಮಾಡಿದಿರಿ?

ಕತ್ತರಿ ಗೋಂದು:
ಕಾಗದದ ಅಂಚಿಗೇ ಕತ್ತರಿಸಿರುತ್ತೀರಿ, ಅದಕ್ಕೇ ಬಿಚ್ಚುತ್ತಿದೆ. ಸುತ್ತಲೂ ಎರಡು ಮೂರು ಮಿಲಿಮೀಟರ್ ಬರೀ ಪ್ಲಾಸ್ಟಿಕ್ ಬಿಡಿ. ಹಾಳೆ 125 ಮೈಕ್ರಾನ್ ಕೇಳಿ, ತೆಳು ಹಾಳೆ ಮಡಚಿಕೊಳ್ಳುತ್ತದೆ. ಮೂಲೆ ದುಂಡಗೆ ಮಾಡಿಸಿ, ಚೂಪಾಗಿದ್ದರೆ ಕೈಗೆ ಚುಚ್ಚುತ್ತದೆ. ಗ್ಲಾಸಿ ಮಾಡಿಕೊಡುತ್ತೇವೆ ಅಂದರೆ ಎದ್ದು ಬನ್ನಿ.