ಮಗಳು ಊಟ ಬಿಡುತ್ತಿದ್ದಾಳೆ: ಹಟವೋ, ಕಾಯಿಲೆಯೋ?

ಪ್ರಶ್ನೆ (ತಾಯಿ, ಹಾಸನ): ನಮಸ್ಕಾರ ಡಾಕ್ಟರೇ. ಮಗಳಿಗೆ 15 ವರ್ಷ, ಹತ್ತನೇ ತರಗತಿ. ಮೊದಲು ಕರಿದ ತಿಂಡಿ ಬಿಟ್ಟಳು, ಆಮೇಲೆ ಅನ್ನ ಬಿಟ್ಟಳು. ಶನಿವಾರ ಮಾತ್ರ ಇದ್ದ ಒಪ್ಪತ್ತು ಈಗ ದಿನವೂ ನಡೆಯುತ್ತಿದೆ. ಅರ್ಧ ಚಪಾತಿಯನ್ನು ಚೂರು ಮಾಡಿಕೊಂಡು ಮುಕ್ಕಾಲು ಗಂಟೆ ಕೂರುತ್ತಾಳೆ. ಆದರೆ ತಮ್ಮನಿಗೆ ತಾನೇ ನಿಂತು ದೋಸೆ ಹುಯ್ದು, ಬೆಣ್ಣೆ ಹಾಕಿ ಬಡಿಸುತ್ತಾಳೆ! ಮೂರು ತಿಂಗಳಿಂದ ಮುಟ್ಟಾಗಿಲ್ಲ. ದಪ್ಪ ಆಗುತ್ತೇನೆ ಎಂದು ಒಮ್ಮೆಯೂ ಹೇಳಿಲ್ಲ, ಹೊಟ್ಟೆ ಉಬ್ಬರ ಎನ್ನುತ್ತಾಳೆ. ರಕ್ತಪರೀಕ್ಷೆಯಲ್ಲಿ ಎಲ್ಲ ಸರಿಯಿದೆ. ಹಸಿವಾದರೆ ತಾನಾಗಿ ತಿನ್ನುತ್ತಾಳೆ, ಹಟಕ್ಕೆ ಸೊಪ್ಪು ಹಾಕಬೇಡ ಎನ್ನುತ್ತಾರೆ ಅತ್ತೆ.

ಉತ್ತರ (ಮಕ್ಕಳ ಮನೋವೈದ್ಯೆ): ಕಾದು ನೋಡಬೇಡಿ ತಾಯಿ. ಮಗುವನ್ನು ನೋಡದೆ ರೋಗ ನಿರ್ಣಯ ಮಾಡಲಾರೆ, ಆದರೆ ನೀವು ಹೇಳಿದ ಲಕ್ಷಣಗಳು ಅನೊರೆಕ್ಸಿಯಾ ನರ್ವೋಸಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಟ್ಟು ಸೊರಗುವ ಮಾನಸಿಕ ಕಾಯಿಲೆಯ ಕಡೆಗೆ ಬೆರಳು ತೋರಿಸುತ್ತವೆ. ದಪ್ಪಗಾಗುವ ಭಯವನ್ನು ನಮ್ಮ ಕಡೆಯ ಎಷ್ಟೋ ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಗ್ಯಾಸ್, ಉಬ್ಬರ ಎಂದು ಹೊಟ್ಟೆಯ ವೈದ್ಯರ ಬಳಿ ಅಲೆಯುವುದರಲ್ಲೇ ತಿಂಗಳುಗಳು ಕಳೆದುಹೋಗುತ್ತವೆ.

ತಮ್ಮನಿಗೆ ದೋಸೆ ಹುಯ್ಯುವ ವಿಷಯ ಬರೆದದ್ದು ಒಳ್ಳೆಯದಾಯಿತು. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆಯ ಆಹಾರ ಕೊಟ್ಟು ಅಧ್ಯಯನ ಮಾಡಿದರು. ದಿನವಿಡೀ ಅವರಿಗೆ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಓದಿದರು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕುಳಿತರು, ಸಿಡುಕಿದರು, ಮಂಕಾದರು. ಮೊದಲು ಅವರಿಗೆ ಯಾವ ಮಾನಸಿಕ ತೊಂದರೆಯೂ ಇರಲಿಲ್ಲ! ನಿಮ್ಮ ಮಗಳ ಹಟ ಎಂದು ಕಾಣುವುದರಲ್ಲಿ ಬಹುಪಾಲು ಉಪವಾಸವೇ ಮಿದುಳಿಗೆ ಮಾಡಿದ್ದು. ಆದ್ದರಿಂದ ಬುದ್ಧಿ ಹೇಳಿ ತಿದ್ದುವ ಮೊದಲು ಹೊಟ್ಟೆ ತುಂಬಬೇಕು.

ರಕ್ತಪರೀಕ್ಷೆ ಸರಿಯಿದೆ ಎಂದು ನೆಮ್ಮದಿಪಡಬೇಡಿ. ದೇಹ ಕೊನೆಯವರೆಗೂ ಸಂಭಾಳಿಸಿಕೊಂಡು ಹೋಗುತ್ತದೆ. ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ, ಮಲಗಿದಾಗ ಮತ್ತು ಎದ್ದು ನಿಂತಾಗ ನಾಡಿ, ರಕ್ತದೊತ್ತಡ ನೋಡಲಿ, ಇಸಿಜಿ ತೆಗೆಯಲಿ. ಹಗಲಿನಲ್ಲಿ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆಯಾದರೆ, ತಲೆ ತಿರುಗಿ ಬಿದ್ದರೆ, ನೀರೂ ಬೇಡವೆಂದರೆ ಆಸ್ಪತ್ರೆಗೆ ಸೇರಿಸಬೇಕು. ತುಂಬಾ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ತುರುಕಿದರೆ ರಕ್ತದಲ್ಲಿನ ಫಾಸ್ಫೇಟ್ ಎಂಬ ಲವಣಾಂಶ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಮೊದಲ ದಿನಗಳ ಊಟದ ಪ್ರಮಾಣವನ್ನು ವೈದ್ಯರೇ ಹೇಳಲಿ.

ತಾಯಿ: ಆಮೇಲೆ ಚಿಕಿತ್ಸೆ ಏನು? ಮಾತ್ರೆ ಇದೆಯೇ? ನನ್ನ ತಪ್ಪೇನಾದರೂ ಇದೆಯೇ?

ಉತ್ತರ: ತಪ್ಪು ನಿಮ್ಮದಲ್ಲ, ಅವಳದ್ದೂ ಅಲ್ಲ. ಅನೊರೆಕ್ಸಿಯಾ ಗುಣಪಡಿಸುವ ಮಾತ್ರೆ ಇಲ್ಲ. ಜೊತೆಗೆ ಖಿನ್ನತೆ, ಆತಂಕ ಇದ್ದರೆ ಅದಕ್ಕೆ ಔಷಧ ಕೊಡಬಹುದು. ಹದಿಹರೆಯದವರಲ್ಲಿ ಫಲ ಕೊಡುತ್ತದೆ ಎಂಬುದಕ್ಕೆ ಹೆಚ್ಚು ಪುರಾವೆ ಸಿಕ್ಕಿರುವುದು ಕುಟುಂಬ ಆಧಾರಿತ ಚಿಕಿತ್ಸೆಗೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ಅದು ರೂಪುಗೊಂಡಿತು. ಏನು, ಎಷ್ಟು ತಿನ್ನಬೇಕು ಎಂಬುದನ್ನು ಕೆಲವು ತಿಂಗಳು ಅಪ್ಪ ಅಮ್ಮನೇ ತೀರ್ಮಾನಿಸುತ್ತಾರೆ. ತೂಕ ಸರಿಯಾದ ಮಟ್ಟಕ್ಕೆ ಏರಿದಂತೆ ಆ ಅಧಿಕಾರ ಮೆಲ್ಲಗೆ ಅವಳ ಕೈಗೆ ಮರಳುತ್ತದೆ.

ಬಡಿಸಿದ ಮೇಲೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವಳು ಅಳುತ್ತಾಳೆ, ತಟ್ಟೆ ತಳ್ಳುತ್ತಾಳೆ, ಎಣ್ಣೆ ಎಷ್ಟು ಹಾಕಿದೆ ಎಂದು ಪಾಟೀಸವಾಲು ಹಾಕುತ್ತಾಳೆ. ವಾದಕ್ಕೆ ಇಳಿಯಬೇಡಿ. "ಕಷ್ಟ ಆಗುತ್ತಿದೆ, ಗೊತ್ತು ಕಂದಾ. ಇನ್ನೊಂದು ತುತ್ತು. ನಾನು ಇಲ್ಲೇ ಇದ್ದೇನೆ" ಎನ್ನಿ, ಅಷ್ಟು ಸಾಕು. ಅತ್ತೆಯವರೂ ಇದೇ ಮಾತು ಆಡುವಂತಾಗಬೇಕು. ಮನೆಯಲ್ಲಿ ಎರಡು ಮಾತಾದರೆ ಕಾಯಿಲೆ ಆ ಸಂದಿಯಲ್ಲೇ ನುಸುಳುತ್ತದೆ. ಮುಂದಿನ ಭೇಟಿಗೆ ಅವರನ್ನೂ ಕರೆತನ್ನಿ.

ಇನ್ನೊಬ್ಬರ ಪ್ರಶ್ನೆ (ತಂದೆ): ನನ್ನ ಮಗನಿಗೆ 17. ಮೈಕಟ್ಟು ಚೆನ್ನಾಗಿದೆ. ಆದರೆ ರಾತ್ರಿ ವಿಪರೀತ ತಿಂದು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಾನೆ. ಬೆರಳಿನ ಗೆಣ್ಣಿನ ಮೇಲೆ ಗಾಯದ ಗುರುತಿದೆ. ಗಂಡುಮಕ್ಕಳಿಗೂ ಇದು ಬರುತ್ತದೆಯೇ?

ಉತ್ತರ: ಬರುತ್ತದೆ ಸರ್. ಇದು ಬುಲಿಮಿಯಾ ಇರಬಹುದು, ಅಂದರೆ ವಿಪರೀತ ತಿಂದು ಆಮೇಲೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುವಂಥ ಕಾಯಿಲೆ. ಅದರಲ್ಲಿ ಸಾಮಾನ್ಯವಾಗಿ ತೂಕ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ಮನೆಯವರಿಗೆ ಗೊತ್ತಾಗುವುದು ತಡ. ಪದೇ ಪದೇ ವಾಂತಿ ಮಾಡಿಕೊಂಡರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ತಕ್ಷಣ ರಕ್ತಪರೀಕ್ಷೆ ಮಾಡಿಸಿ. ವಾಂತಿಯಾದ ಕೂಡಲೇ ಹಲ್ಲುಜ್ಜುವುದು ಬೇಡ, ಬಾಯಿ ಮುಕ್ಕಳಿಸಲಿ. ಬಚ್ಚಲುಮನೆಯ ಬಾಗಿಲು ಬಡಿದು ಹಿಡಿಯಲು ಹೋಗದೆ, ನೀವಿಬ್ಬರೇ ಇರುವಾಗ ಕೇಳಿ.

ತಾಯಿ: ಪರೀಕ್ಷೆ ಹತ್ತಿರವಿದೆ, ಶಾಲೆಗೆ ಕಳುಹಿಸಲೇ?

ಉತ್ತರ: ನಾಡಿ ನೋಡಿದ ಮೇಲೆ ತೀರ್ಮಾನಿಸೋಣ. ಅಲ್ಲಿಯವರೆಗೆ ಆಟದ ಪೀರಿಯಡ್ ಬೇಡ. ಶಾಲೆಗೆ ಹೋದರೆ ಮಧ್ಯಾಹ್ನದ ಡಬ್ಬಿಯನ್ನು ಒಬ್ಬ ಶಿಕ್ಷಕಿಯ ಎದುರು ಖಾಲಿ ಮಾಡಬೇಕು. ಪರೀಕ್ಷೆಯನ್ನು ಮತ್ತೆ ಬರೆಯಬಹುದು. ನಿಮ್ಮೂರಿನಲ್ಲಿ ಮಕ್ಕಳ ಮನೋವೈದ್ಯರು ಸಿಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಅವಳು ಚಿಕ್ಕವಳಿದ್ದಾಗಿನ ಎತ್ತರ, ತೂಕದ ದಾಖಲೆ ಇದ್ದರೆ ತಪ್ಪದೆ ತನ್ನಿ. ಅವಳಿಗೆ ಸರಿಹೊಂದುವ ತೂಕ ಎಷ್ಟು ಎಂಬುದನ್ನು ಅದನ್ನು ನೋಡಿಯೇ ಹೇಳಬೇಕು.