ನಿಂತರೆ ಸರಿ, 80ರಲ್ಲಿ ಸರಿ, 40ರಲ್ಲಿ ಮಾತ್ರ ಎಂಜಿನ್ ಹೀಟ್. ಯಾಕೆ?

ಮೂರುಸಿಲಿಂಡರ್:

ಎಲ್ಲರಿಗೂ ನಮಸ್ಕಾರ. ನನ್ನದು ಹಳೆ ಸಣ್ಣ ಪೆಟ್ರೋಲ್ ಕಾರು. ಮೂರು ಸಿಲಿಂಡರ್, ಕಾರ್ಬ್ಯುರೇಟರ್, ಎಸಿ ಇಲ್ಲ. ರೇಡಿಯೇಟರ್ ಹಿಂದೆ ಒಂದೇ ಎಲೆಕ್ಟ್ರಿಕ್ ಫ್ಯಾನ್.

ಮೊದಲು ಇದ್ದ ಕಾಯಿಲೆ ಅರ್ಥವಾಗುವಂಥದ್ದು. ಟ್ರಾಫಿಕ್‌ನಲ್ಲಿ ನಿಂತರೆ ಹೀಟ್ ಮೀಟರಿನ ಮುಳ್ಳು ಏರುತ್ತಿತ್ತು, ಗಾಡಿ ಓಡಿದರೆ ಇಳಿಯುತ್ತಿತ್ತು. ಫ್ಯಾನ್ ಮೋಟಾರ್ ಸುಟ್ಟಿದೆ ಎಂದು ಗ್ಯಾರೇಜಿನಲ್ಲಿ ಬೇರೆ ಮೋಟಾರ್ ಹಾಕಿದರು. ಹಳೆ ಕನೆಕ್ಟರ್ ಅದಕ್ಕೆ ಹೊಂದಲಿಲ್ಲವಂತೆ, ವೈರ್ ಕತ್ತರಿಸಿ ಸೇರಿಸಿ ಟೇಪ್ ಸುತ್ತಿಕೊಟ್ಟರು. ಜೊತೆಗೆ ಥರ್ಮೋಸ್ಟಾಟ್ ಹೊಸದು, ಕೂಲಂಟ್ ಹೊಸದು.

ಈಗಿನ ಕಥೆ ಬೇರೆ. ನಿಂತಾಗ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದು ಅಲ್ಲೇ ನಿಲ್ಲುತ್ತದೆ. ಫ್ಯಾನ್ ತಿರುಗುವ ಸದ್ದೂ ಕೇಳುತ್ತದೆ. ಸಿಗ್ನಲ್ ಬಿಟ್ಟು ಯಾವುದಾದರೂ ಲಾರಿ ಹಿಂದೆ 40ರಲ್ಲಿ ಹೋಗುತ್ತಿದ್ದರೆ ಮಾತ್ರ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ದಾರಿ ಸಿಕ್ಕಿ 80ಕ್ಕೆ ಏರಿಸಿದರೆ ತಾನೇ ಇಳಿದು ಅರ್ಧಕ್ಕೆ ಬರುತ್ತದೆ! ಎಲ್ಲೂ ಸೋರಿಕೆ ಕಾಣುವುದಿಲ್ಲ. ಈಗ ಅದೇ ಗ್ಯಾರೇಜಿನವರು "ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿರಬೇಕು, ಎಂಜಿನ್ ಬಿಚ್ಚೋಣ" ಎನ್ನುತ್ತಿದ್ದಾರೆ. ಬಿಚ್ಚುವ ಮೊದಲು ನೋಡಬೇಕಾದ್ದು ಏನಾದರೂ ಇದೆಯಾ?

ದಾರಿಹೋಕ:

ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಗುರುವೇ. ನಮ್ಮ ಗಾಡಿಗೆ ಅದಿಲ್ಲದೆ ವರ್ಷಗಳೇ ಆದವು, ಆರಾಮಾಗಿ ಓಡುತ್ತಿದೆ.

ಗ್ರೀಸ್‌ಕೈ:

ದಯವಿಟ್ಟು ಕಿತ್ತು ಹಾಕಬೇಡಿ. ಈ ಸಲಹೆ ಎಲ್ಲ ಕಡೆ ಓಡಾಡುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಥರ್ಮೋಸ್ಟಾಟ್ ಇರುವುದು ಎಂಜಿನ್ ಬೇಗ ಬಿಸಿಯಾಗಲಿ, ಆಮೇಲೆ ಆ ಬಿಸಿ ಒಂದೇ ಮಟ್ಟದಲ್ಲಿ ಇರಲಿ ಅಂತ. ಒಳಗಿರುವ ಮೇಣ ಸುಮಾರು 82 ಡಿಗ್ರಿಗೆ ಕರಗಿ ಹಿಗ್ಗಿ ಬಾಗಿಲು ತೆರೆಯಲು ಶುರು ಮಾಡುತ್ತದೆ, 95ರ ಆಸುಪಾಸಿಗೆ ಪೂರ್ತಿ ತೆರೆಯುತ್ತದೆ. ಕೆಲವು ಕಾರುಗಳಲ್ಲಿ ಒಂದೆರಡು ಡಿಗ್ರಿ ಆಚೀಚೆ. ಅದನ್ನು ತೆಗೆದರೆ ಎಂಜಿನ್ ತಣ್ಣಗೇ ಓಡಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸುಡದ ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಥರ್ಮೋಸ್ಟಾಟೇ. ಅಂಥದ್ದರಲ್ಲಿ ಅದನ್ನು ತೆಗೆದರೆ ಬಿಸಿನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ, ಹೀಟ್ ಇನ್ನೂ ಏರುತ್ತದೆ. ಅನುಮಾನ ಇದ್ದರೆ ಬಿಚ್ಚಿ ಪಾತ್ರೆಯ ನೀರಲ್ಲಿ ಹಾಕಿ ಕಾಯಿಸಿ, ಕಣ್ಣಾರೆ ನೋಡಿ. ತೆರೆದರೆ ಒಳ್ಳೆಯದು, ಇಲ್ಲದಿದ್ದರೆ ಹೊಸದು. ನಿಮ್ಮದು ಹೊಸದೇ, ಬಿಡಿ.

ಈಗ ಮುಖ್ಯ ವಿಷಯ. ಹೀಟ್ ಎಂದು ಯಾರೇ ಬಂದರೂ ನಾನು ಮೊದಲು ಕೇಳುವುದು "ಯಾವಾಗ?" ಅಂತ. "ಎಷ್ಟು?" ಅನ್ನುವುದು ಆಮೇಲೆ. ನಿಂತಾಗ ಮಾತ್ರ ಏರಿ ಓಡಿದಾಗ ಇಳಿದರೆ ಗಾಳಿ ಸಾಲುತ್ತಿಲ್ಲ: ಫ್ಯಾನ್, ಅದರ ಸ್ವಿಚ್, ಫ್ಯೂಸ್, ರಿಲೇ. ವೇಗ ಏರಿದಷ್ಟೂ, ಏರುರಸ್ತೆ ಹತ್ತಿದಷ್ಟೂ ಹೆಚ್ಚಾದರೆ ನೀರು ಸಾಲುತ್ತಿಲ್ಲ: ರೇಡಿಯೇಟರ್ ಕಟ್ಟಿದೆ, ಪಂಪಿನ ರೆಕ್ಕೆ ಸವೆದಿದೆ, ಇಲ್ಲವೇ ಕೆಳಗಿನ ಹೋಸ್ ಒಳಕ್ಕೆ ಹೀರಿಕೊಳ್ಳುತ್ತಿದೆ. ತಣ್ಣಗಿದ್ದ ಎಂಜಿನ್ ಶುರು ಮಾಡಿದ ಕೆಲವೇ ನಿಮಿಷಕ್ಕೆ ಏರಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡಿದೆ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ.

ನಿಮ್ಮದು ಈ ಮೂರರಲ್ಲಿ ಯಾವುದಕ್ಕೂ ಹೊಂದುವುದಿಲ್ಲ, ಅದೇ ಮಜಾ. 40ಕ್ಕಿಂತ 80ರಲ್ಲಿ ಎಂಜಿನ್ ಮೇಲೆ ಭಾರ ಜಾಸ್ತಿ. ಗ್ಯಾಸ್ಕೆಟ್ ಹೋಗಿದ್ದರೆ 80ರಲ್ಲಿ ಹೆಚ್ಚಾಗಬೇಕಿತ್ತು. ನಿಮ್ಮದು ಇಳಿಯುತ್ತಿದೆ. ಹಾಗಾಗಿ ಸದ್ಯಕ್ಕೆ ಎಂಜಿನ್ ಬಿಚ್ಚಲು ಬಿಡಬೇಡಿ.

ನನ್ನ ಅನುಮಾನ ಆ ಟೇಪ್ ಸುತ್ತಿದ ವೈರ್ ಮೇಲೆ. ಈ ಫ್ಯಾನ್ ಮೋಟಾರ್ 12 ವೋಲ್ಟ್ ಡಿಸಿ. ಪ್ಲಸ್ ಮೈನಸ್ ಅದಲುಬದಲಾದರೆ ಸುಡುವುದಿಲ್ಲ, ನಿಲ್ಲುವುದಿಲ್ಲ, ಸುಮ್ನೆ ಉಲ್ಟಾ ತಿರುಗುತ್ತದೆ. ಸದ್ದು ಹಾಗೇ ಬರುತ್ತದೆ, ಬಗ್ಗಿ ನೋಡಿದರೂ ತಿರುಗುತ್ತಿದೆ ಎಂದೇ ಕಾಣುತ್ತದೆ. ಮುಂದಿನಿಂದ ಗಾಳಿ ಎಳೆಯಬೇಕಾದ ಫ್ಯಾನ್ ಎಂಜಿನ್ ಕಡೆಯ ಬಿಸಿಗಾಳಿಯನ್ನು ಮುಂದಕ್ಕೆ ತಳ್ಳುತ್ತಿರುತ್ತದೆ.

ಅದು ನಿಮ್ಮ ಲಕ್ಷಣಕ್ಕೆ ಹೇಗೆ ಹೊಂದುತ್ತದೆ ನೋಡಿ. ನಿಂತಾಗ ಎಂಜಿನ್ ಹುಟ್ಟಿಸುವ ಬಿಸಿ ಕಡಿಮೆ. ಉಲ್ಟಾ ಗಾಳಿಯಾದರೂ ಗಾಳಿಯೇ, ಹೇಗೋ ಸಂಭಾಳಿಸುತ್ತದೆ. ಸಿಗ್ನಲ್‌ನಲ್ಲಿ ಫ್ಯಾನ್ ಆನ್ ಆಗಿರುತ್ತದೆ, ನೀವು ಹೊರಟು 40ಕ್ಕೆ ಬರುತ್ತೀರಿ. ಈಗ ಮುಂದಿನಿಂದ ಬರುವ ಗಾಳಿಯೂ ಹಿಂದಿನಿಂದ ಫ್ಯಾನ್ ತಳ್ಳುವ ಗಾಳಿಯೂ ರೇಡಿಯೇಟರ್‌ನಲ್ಲೇ ಡಿಕ್ಕಿ ಹೊಡೆದು ಎರಡೂ ನಿಲ್ಲುತ್ತವೆ. ನೀರು ತಣಿಯುವುದಿಲ್ಲ. ನೀರು ತಣಿಯದಿದ್ದರೆ ಸ್ವಿಚ್ ಫ್ಯಾನನ್ನು ಆರಿಸುವುದಿಲ್ಲ. ಫ್ಯಾನ್ ಆರದಿದ್ದರೆ ನೀರು ತಣಿಯುವುದಿಲ್ಲ. ಹೀಗೆ ಸಿಕ್ಕಿಹಾಕಿಕೊಳ್ಳುತ್ತದೆ. 80ರಲ್ಲಿ ಎದುರು ಗಾಳಿಯ ಜೋರು ಫ್ಯಾನ್‌ಗಿಂತ ಹೆಚ್ಚು. ಅದು ಗೆದ್ದು, ನೀರು ತಣಿದು, ಫ್ಯಾನ್ ಆಫ್. ಎಲ್ಲ ಸರಿಯಾದ ಹಾಗೆ ಕಾಣುತ್ತದೆ.

ಪರೀಕ್ಷೆಗೆ ಒಂದು ಹಾಳೆ ಸಾಕು. ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರಲಿ, ಫ್ಯಾನ್ ಆನ್ ಆಗುವವರೆಗೆ ಕಾಯಿರಿ. ಸ್ವಿಚ್ ಸಾಮಾನ್ಯವಾಗಿ 90ರಿಂದ 100 ಡಿಗ್ರಿ ನಡುವೆ ಎಲ್ಲೋ ಆನ್ ಆಗುತ್ತದೆ. ಆಗ ಮುಂದಿನ ಜಾಲರಿಯ ಎದುರು ಹಾಳೆ ಹಿಡಿಯಿರಿ. ಜಾಲರಿಗೆ ಅಂಟಿಕೊಂಡರೆ ನನ್ನ ಊಹೆ ತಪ್ಪು. ನಿಮ್ಮ ಕಡೆಗೆ ಹಾರಿದರೆ ಫ್ಯಾನ್ ಉಲ್ಟಾ.

ಬಾನೆಟ್ ಒಳಗೆ ಕೈ ಹಾಕುವಾಗ ಜೋಪಾನ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಟ್ಟನೆ ತಿರುಗುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ.

ಕಪ್ಪುಹೊಗೆ:

ಗ್ರೀಸ್‌ಕೈ ಅವರೇ, ಕೆಳಗಿನ ಹೋಸ್ ಯಾಕಾಗಿರಬಾರದು? ನನ್ನ ಕಾರಿನಲ್ಲಿ ಅದರೊಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಪುಡಿಯಾಗಿತ್ತು. ರೇಸ್ ಕೊಟ್ಟರೆ ಹೋಸ್ ಚಪ್ಪಟೆಯಾಗುತ್ತಿತ್ತು, ನೀರು ಬಂದ್.

ಗ್ರೀಸ್‌ಕೈ:

ನೀವೇ ಉತ್ತರ ಹೇಳಿಬಿಟ್ಟಿರಲ್ಲ! ರೇಸ್ ಕೊಟ್ಟರೆ ಚಪ್ಪಟೆ. ಹಾಗಿದ್ದರೆ 80ರಲ್ಲಿ ಮುಳ್ಳು ಇನ್ನೂ ಮೇಲಿರಬೇಕಿತ್ತು. ರೇಡಿಯೇಟರ್ ಕಟ್ಟಿದ್ದರೂ ಅದೇ ಮಾತು.

ಗ್ಯಾಸ್ಕೆಟ್ ಬಗ್ಗೆ ಮನಸ್ಸು ಸಮಾಧಾನ ಆಗಬೇಕಿದ್ದರೆ ಬಿಚ್ಚದೆಯೂ ನೋಡಬಹುದು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ಹಾಕಿಯೇ ಶುರು ಮಾಡಿ, ಮೇಲಿನ ಹೋಸ್ ಹಿಸುಕಿ. ನೀರು ಇನ್ನೂ ತಣ್ಣಗಿರುವಾಗಲೇ, ಒಂದೆರಡು ನಿಮಿಷದಲ್ಲಿ ಅದು ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರ್ ಗಾಳಿ ನೀರಿಗೆ ನುಗ್ಗುತ್ತಿದೆ. ಬ್ಲಾಕ್ ಟೆಸ್ಟರ್ ಅಂತ ಒಂದು ಗಾಜಿನ ನಳಿಗೆ ಬರುತ್ತದೆ, ಅದರಲ್ಲಿ ನೀಲಿ ದ್ರವ. ರೇಡಿಯೇಟರ್ ಬಾಯಿಗಿಟ್ಟು ಅಲ್ಲಿನ ಗಾಳಿ ಎಳೆದಾಗ ನೀಲಿ ಹಳದಿಗೆ ತಿರುಗಿದರೆ ಸುಟ್ಟ ಗ್ಯಾಸ್ ಇದೆ ಎಂದರ್ಥ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿದಾಗ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ಅದೂ ಗ್ಯಾಸ್ಕೆಟ್ ಕಡೆಗೇ ಬೆರಳು ತೋರಿಸುತ್ತದೆ. ಆಯಿಲ್ ಮುಚ್ಚಳದ ಕೆಳಗೆ ಬಿಳಿ ನೊರೆ ಕಂಡರೆ ಮಾತ್ರ ಗಾಬರಿ ಬೀಳಬೇಡಿ. ಸಣ್ಣ ಸಣ್ಣ ಓಡಾಟ ಮಾಡುವ ಕಾರಿನಲ್ಲಿ ತೇವ ಕೂತೂ ಹಾಗಾಗುತ್ತದೆ. ಆಯಿಲ್ ಕಡ್ಡಿಯಲ್ಲೂ ಹಾಗೇ ಕಂಡರೆ ಚಿಂತೆ ಮಾಡಿ.

ಇದ್ಯಾವುದನ್ನೂ ನೋಡದೆ "ಬಿಚ್ಚೋಣ" ಎನ್ನುವವರ ಕೈಗೆ ಎಂಜಿನ್ ಕೊಡಬಾರದು ಎನ್ನುವುದು ನನ್ನ ಪಾಲಿಸಿ.

ಮೂರುಸಿಲಿಂಡರ್:

ಹಾಳೆ ಹಾರಿತು! ಜಾಲರಿಯ ಹತ್ತಿರ ಹಿಡಿದ ಕೂಡಲೇ ನನ್ನ ಮುಖಕ್ಕೇ ಬಂತು. ಮುಂದೆ ಕೈ ಇಟ್ಟರೆ ಬಿಸಿಗಾಳಿ. ಬೆಳಗಿನ ಹೋಸ್ ಪರೀಕ್ಷೆಯೂ ಆಯಿತು, ಗಟ್ಟಿಯಾಗಲಿಲ್ಲ.

ನಂಬಿಕೆಗೆ ಇನ್ನೊಂದು ಕೆಲಸ ಮಾಡಿದೆ. ಫ್ಯಾನಿನ ಕನೆಕ್ಟರ್ ಕಿತ್ತಿಟ್ಟು, ಖಾಲಿ ರಸ್ತೆಯಲ್ಲಿ ಎಲ್ಲೂ ನಿಲ್ಲಿಸದೆ 40ರಲ್ಲೇ ಓಡಿಸಿದೆ. ಮುಳ್ಳು ಅರ್ಧ ದಾಟಲಿಲ್ಲ. ಫ್ಯಾನ್ ಇಲ್ಲದೆ ತಣ್ಣಗೆ, ಫ್ಯಾನ್ ಇದ್ದರೆ ಹೀಟ್. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ದಾರಿಹೋಕ:

ಹಾಗಿದ್ದರೆ ವೈರ್ ಗೋಜು ಯಾಕೆ, ಫ್ಯಾನಿನ ರೆಕ್ಕೆಯನ್ನೇ ಬಿಚ್ಚಿ ತಿರುವಿ ಹಾಕಿದರೆ ಆಯಿತಲ್ವಾ?

ಗ್ರೀಸ್‌ಕೈ:

ಆಗುವುದಿಲ್ಲ. ಹಾಗನ್ನಿಸುವುದು ಸಹಜ, ಆದರೆ ರೆಕ್ಕೆಯ ಓರೆ ಸ್ಕ್ರೂ ಮರೆಯ (ಸ್ಕ್ರೂ ಮೇಲಿನ ಸುರುಳಿ ಗೆರೆಯ) ಥರ. ಬೋಲ್ಟನ್ನು ತಲೆಕೆಳಗು ಮಾಡಿದರೆ ಮರೆ ಎಡಕ್ಕೆ ತಿರುಗುತ್ತದೆಯೇ? ರೆಕ್ಕೆಯನ್ನು ಹಿಂದುಮುಂದು ಮಾಡಿ ಅದೇ ದಿಕ್ಕಿನಲ್ಲಿ ತಿರುಗಿಸಿದರೆ ಗಾಳಿ ಹೋಗುವುದು ಮೊದಲಿನ ಕಡೆಗೇ. ಜೋರು ಇನ್ನೂ ಕಡಿಮೆಯಾಗುತ್ತದೆ, ಅಷ್ಟೇ ಲಾಭ.

ಮೋಟಾರ್ ಕಡೆಯ ಎರಡು ವೈರ್ ಅದಲುಬದಲು ಮಾಡಿ. ಮೊದಲು ಬ್ಯಾಟರಿಯ ಮೈನಸ್ ಕಳಚಿ. ಫ್ಯಾನ್ ಎಳೆಯುವ ಕರೆಂಟ್ ಜಾಸ್ತಿ, ಬರೀ ತಿರುಚಿ ಟೇಪ್ ಸುತ್ತಿದ ಜೋಡಣೆ ಕಾದು ಕರಗುತ್ತದೆ. ಬೆಸುಗೆ ಹಾಕಿಸಿ ಇಲ್ಲವೇ ಸರಿಯಾದ ಕ್ರಿಂಪ್ ಹಾಕಿಸಿ, ಮೇಲೆ ಸ್ಲೀವ್. ವೈರ್ ರೆಕ್ಕೆಗೂ ಎಕ್ಸಾಸ್ಟ್‌ಗೂ ತಾಗದಂತೆ ಕಟ್ಟಿ.

ಮೂರುಸಿಲಿಂಡರ್:

ಆಯಿತು, ಬೆಸುಗೆ ಹಾಕಿಸಿದೆ. ಹಾಳೆ ಈಗ ಜಾಲರಿಗೆ ಅಂಟಿಕೊಳ್ಳುತ್ತದೆ. ನಿಂತರೂ ಓಡಿದರೂ ಮುಳ್ಳು ಅರ್ಧದಲ್ಲೇ ಇದೆ. ತುಂಬಾ ಥ್ಯಾಂಕ್ಸ್.

ಒಂದೇ ಅನುಮಾನ ಉಳಿದಿದೆ. ಬೆಳಿಗ್ಗೆ ನೋಡಿದರೆ ಮೇಲಿನ ಹೋಸ್ ಯಾರೋ ಹಿಸುಕಿದ ಹಾಗೆ ಚಪ್ಪಟೆಯಾಗಿರುತ್ತದೆ. ರಿಸರ್ವ್ ಡಬ್ಬಿಯಲ್ಲಿ ಕೂಲಂಟ್ ಮೇಲಿನ ಗೆರೆ ದಾಟಿರುತ್ತದೆ, ಕ್ಯಾಪ್ ತೆಗೆದರೆ ರೇಡಿಯೇಟರ್ ಒಳಗೆ ಕಡಿಮೆ. ಹೆಡ್‌ಲೈಟ್ ಹಾಕಿದಾಗ ಮುಳ್ಳು ಚೂರು ಮೇಲೆ ಜಿಗಿಯುತ್ತದೆ, ಅದೂ ಇದಕ್ಕೇ ಸಂಬಂಧವಾ?

ಗ್ರೀಸ್‌ಕೈ:

ಮುಳ್ಳು ಜಿಗಿಯುವುದಕ್ಕೂ ನೀರಿಗೂ ಸಂಬಂಧ ಇಲ್ಲ. ಲೈಟ್ ಹಾಕಿದ ಕ್ಷಣಕ್ಕೆ ನೀರು ಬಿಸಿಯಾಗಲು ಸಾಧ್ಯವೇ ಇಲ್ಲ ಅಲ್ವಾ? ಎಲ್ಲೋ ಅರ್ಥಿಂಗ್ ಸಡಿಲ ಇದೆ. ಬ್ಯಾಟರಿ ಮೈನಸ್‌ನಿಂದ ಎಂಜಿನ್‌ಗೆ, ಬಾಡಿಗೆ ಹೋಗುವ ಪಟ್ಟಿಗಳನ್ನೂ ಮೀಟರಿನ ಅರ್ಥ್ ವೈರನ್ನೂ ಬಿಚ್ಚಿ, ಉಜ್ಜಿ, ಬಿಗಿ ಮಾಡಿ.

ಹೋಸ್ ಚಪ್ಪಟೆಯಾಗುವುದು ಕ್ಯಾಪ್ ಕೆಲಸ. ಬಹಳ ಜನ ಇದನ್ನು ಬರೀ ಮುಚ್ಚಳ ಅಂದುಕೊಳ್ಳುತ್ತಾರೆ. ಇದರಲ್ಲಿ ಎರಡು ವಾಲ್ವ್ ಇವೆ. ದೊಡ್ಡದು ಒತ್ತಡ ಹಿಡಿದಿಡುತ್ತದೆ. 0.9 ಬಾರ್ ಕ್ಯಾಪ್ ಇದ್ದರೆ ಬರೀ ನೀರು ಕೂಡ 100ರ ಬದಲು ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ, ಕೂಲಂಟ್ ಬೆರೆತರೆ ಇನ್ನೂ ಮೇಲೆ. ಒತ್ತಡ ಮಿತಿ ದಾಟಿದರೆ ವಾಲ್ವ್ ತೆರೆದು ಹೆಚ್ಚಿನದನ್ನು ಡಬ್ಬಿಗೆ ಬಿಡುತ್ತದೆ. ನಡುವೆ ಇರುವ ಪುಟ್ಟ ವಾಲ್ವ್ ಇದಕ್ಕೆ ಎದುರು. ಎಂಜಿನ್ ತಣ್ಣಗಾಗಿ ಒಳಗೆ ನಿರ್ವಾತವಾದಾಗ ಅದು ತೆರೆದು ಡಬ್ಬಿಯ ಕೂಲಂಟನ್ನು ವಾಪಸ್ ಎಳೆಯಲು ದಾರಿ ಕೊಡಬೇಕು. ನಿಮ್ಮದರಲ್ಲಿ ಅದು ಕಚ್ಚಿಕೊಂಡಿದೆ. ಹೋದದ್ದು ವಾಪಸ್ ಬರುತ್ತಿಲ್ಲ, ಅದಕ್ಕೇ ಡಬ್ಬಿ ತುಂಬಿದೆ, ರೇಡಿಯೇಟರ್ ಖಾಲಿ, ಹೋಸ್ ಒಳಕ್ಕೆ ಎಳೆದುಕೊಂಡಿದೆ. ಡಬ್ಬಿಗೆ ಹೋಗುವ ಸಣ್ಣ ಪೈಪ್ ಕಟ್ಟಿದ್ದರೂ ವಾಪಸ್ ಬರುವುದಿಲ್ಲ, ಅದನ್ನೂ ಒಮ್ಮೆ ಊದಿ ನೋಡಿ.

ಕ್ಯಾಪ್ ಹೊಸದು ತಗೊಳ್ಳಿ, ರಿಪೇರಿಗೆ ಹೋಗಬೇಡಿ. ಹಳೆಯದರ ಮೇಲೆ ಒತ್ತಡದ ಅಂಕಿ ಕೆತ್ತಿರುತ್ತದೆ, 0.9 ಅಂತಲೋ 88 ಕಿಲೋಪ್ಯಾಸ್ಕಲ್ ಅಂತಲೋ. ಕಾರಿನ ಪುಸ್ತಕದಲ್ಲಿರುವ ಅಂಕಿಯ ಜೊತೆ ಅದನ್ನು ತಾಳೆ ನೋಡಿ, ಪುಸ್ತಕದಲ್ಲಿರುವುದನ್ನೇ ತನ್ನಿ. "ಜಾಸ್ತಿ ಒತ್ತಡದ್ದು ಇನ್ನೂ ಒಳ್ಳೆಯದು" ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಹಳೆ ರೇಡಿಯೇಟರ್ ಸೀಳುತ್ತದೆ. ಹಾಕುವ ಮೊದಲು ಹೀಟರ್ ಪೂರ್ತಿ ಬಿಸಿ ಕಡೆಗೆ ತಿರುಗಿಸಿ, ಕಾರಿನ ಮೂತಿ ಸ್ವಲ್ಪ ಮೇಲಿರುವ ಕಡೆ ನಿಲ್ಲಿಸಿ, ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಎಂಜಿನ್ ಶುರು ಮಾಡಿ. ಥರ್ಮೋಸ್ಟಾಟ್ ತೆರೆದು ಗುಳ್ಳೆ ನಿಲ್ಲುವವರೆಗೆ ಕೂಲಂಟ್ ತುಂಬುತ್ತಾ ಹೋಗಿ. ಈಗ ಇರುವ ಜಾತಿಯ ಕೂಲಂಟನ್ನೇ ಹಾಕಿ, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಜಾತಿ ಒಂದೇ ಆಗುವುದಿಲ್ಲ, ಡಬ್ಬದ ಮೇಲೆ ಬರೆದದ್ದನ್ನು ಓದಿ.